ಶಿವಗಂಗೆಯ ಯಾತ್ರೆಯೂ ನಮ್ಮ ಋಣವೂ

ಚೀನಾ ದೇಶದ ಆಗ್ನೇಯ ಭಾಗದ ಫೂಜಿಯನ್ ಪ್ರಾಂತದಲ್ಲಿ ವೂಯಿ ಎಂಬ ಪರ್ವತಶ್ರೇಣಿಯಿದೆ. ಅದರ ಮಡಿಲಲ್ಲಿರುವ ನಗರಕ್ಕೂ ಆ ಪರ್ವತದ ಹೆಸರೇ. ಕೆಂಬಂಡೆಗಳ ನಡುವೆ ಒಂಬತ್ತು ತಿರುವುಗಳನ್ನು ಸುತ್ತಿ ಹರಿಯುವ ಹೊಳೆ, ಆ ಹೊಳೆಯಲ್ಲಿ ಯಾತ್ರಿಕರನ್ನು ಕೊಂಡೊಯ್ಯುವ ಬಿದಿರಿನ ತೆಪ್ಪಗಳು, ಕಡಿದಾದ ಬಂಡೆಗಳ ಸಂದುಗಳಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಇರಿಸಿದ ದೋಣಿಯಾಕಾರದ ಶವಪೆಟ್ಟಿಗೆಗಳು, ಪಂಡಿತರೂ ಕವಿಗಳೂ ಕಲ್ಲಿನ ಮೇಲೆ ಕೊರೆಯಿಸಿದ ಬರಹಗಳು, ಜಗತ್ತಿಗೆಲ್ಲ ಹೆಸರಾದ ಚಹದ ತೋಟಗಳು ಇವೆಲ್ಲ ಅಲ್ಲಿ ಒಂದೇ ಕಡೆ ಕಾಣಸಿಗುತ್ತವೆ. ೧೯೯೯ರಲ್ಲಿ ವಿಶ್ವಸಂಸ್ಥೆಯ ಯುನೆಸ್ಕೋ ಮಂಡಲಿಯು ಈ ಪರ್ವತವನ್ನು ಪ್ರಕೃತಿಗಾಗಿಯೂ ಸಂಸ್ಕೃತಿಗಾಗಿಯೂ ಏಕಕಾಲದಲ್ಲಿ ವಿಶ್ವದ ಪಿತ್ರಾರ್ಜಿತವೆಂದು ಅಂಗೀಕರಿಸಿತು. ಈ ಎರಡು ಗೌರವಗಳನ್ನೂ ಒಟ್ಟಿಗೆ ಪಡೆದ ಸ್ಥಳಗಳು ಭೂಮಂಡಲದಲ್ಲಿಯೇ ವಿರಳ.

ಆ ಪರ್ವತದ ಚರಿತ್ರೆಯಲ್ಲಿ ಅದರ ಚೆಲುವಿಗಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಸೆಳೆಯುವ ಸಂಗತಿಯೊಂದಿದೆ. ಕ್ರಿ. ಶ. ೭೪೮ರಲ್ಲಿ ಟಾಂಗ್ ವಂಶದ ಚಕ್ರವರ್ತಿಯು ವೂಯಿಗೆ ಮಹಾಪರ್ವತವೆಂಬ ಬಿರುದನ್ನು ಕೊಟ್ಟು, ಅಲ್ಲಿ ಮರ ಕಡಿಯುವುದಕ್ಕೂ ಮೀನು ಹಿಡಿಯುವುದಕ್ಕೂ ಕಟ್ಟಳೆಯನ್ನು ವಿಧಿಸಿದನು. ಹನ್ನೆರಡು ಶತಮಾನಗಳು ಕಳೆದರೂ ಆ ಕಟ್ಟಳೆಯ ಭಾವನೆ ಅಳಿದಿಲ್ಲ. ಅಲ್ಲಿನ ಬಂಡೆಯೊಂದಕ್ಕೆ ಅಂಟಿಕೊಂಡು ಬೆಳೆದಿರುವ, ಅತ್ಯಂತ ಬೆಲೆಬಾಳುವ ಕೆಲವೇ ಹಳೆಯ ಚಹದ ಗಿಡಗಳಿಂದ ಎಲೆ ಕೀಳುವುದನ್ನು ೨೦೦೬ರಿಂದ ನಿಲ್ಲಿಸಲಾಗಿದೆ. ೨೦೨೧ರಲ್ಲಿ ಆ ದೇಶವು ಮೊದಲ ಸಲ ರಾಷ್ಟ್ರೀಯ ಉದ್ಯಾನಗಳನ್ನು ಸ್ಥಾಪಿಸಿದಾಗ ಆರಿಸಿದ ಐದರಲ್ಲಿ ವೂಯಿಯೂ ಒಂದು. ಬೆಟ್ಟದಿಂದ ಬದುಕುವ ಊರು ಬೆಟ್ಟವನ್ನು ಬದುಕಿಸಬೇಕೆಂಬ ಅರಿವು ಅಲ್ಲಿ ರಾಜಾಜ್ಞೆಯಾಗಿ ಹುಟ್ಟಿ ಲೋಕದ ನಡವಳಿಕೆಯಾಗಿ ನಿಂತಿತು. ಚೀನಾ ದೇಶದ ರಾಜಕೀಯದ ವಿಷಯದಲ್ಲಿ ನಮ್ಮ ಅಭಿಪ್ರಾಯವೇನೇ ಇರಲಿ, ಈ ಒಂದು ಗುಣವನ್ನು ಒಪ್ಪಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಅನುಕೂಲಸ್ಥರು ಇಂಥ ದೂರದ ಗಿರಿನಗರಗಳನ್ನು ನೋಡಿಬಂದು ಅವುಗಳನ್ನು ಹೊಗಳುತ್ತಿದ್ದಾರೆ. ಲೋಕವನ್ನು ನೋಡುವುದು ಒಳ್ಳೆಯದೇ. ಕೂಪಮಂಡೂಕರಾಗಿರಬೇಕೆಂದು ನಾವು ಯಾರಿಗೂ ಹೇಳುವವರಲ್ಲ. ಆದರೆ ಹಾಗೆ ಹೊಗಳುವವರಲ್ಲಿ ಎಷ್ಟು ಮಂದಿ ಬೆಂಗಳೂರಿನಿಂದ ಎರಡು ಗಂಟೆಗಳೊಳಗೆ ಸೇರಬಹುದಾದ ಶಿವಗಂಗೆಯ ಬೆಟ್ಟವನ್ನು ಕಣ್ಣಿಟ್ಟು ನೋಡಿದ್ದಾರೆ? ನೋಡಿದವರಲ್ಲಾದರೂ ಎಷ್ಟು ಮಂದಿ ತಾವು ಆ ಬೆಟ್ಟಕ್ಕೆ ಸಾಲಗಾರರೆಂಬುದನ್ನು ಬಲ್ಲರು? ಈ ದಿನ ನಾವು ವಾಚಕರ ಮುಂದಿಡಬಯಸುವ ಪ್ರಶ್ನೆ ಇದು.

ಬೆಟ್ಟದ ರೂಪ

ಶಿವಗಂಗೆಯು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿಗೆ ಸೇರಿದುದು. ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿಯಲ್ಲಿ ಹೊರಟು, ನೆಲಮಂಗಲವನ್ನು ದಾಟಿ, ದಾಬಸ್‌ಪೇಟೆಯನ್ನು ಮುಟ್ಟಿ, ಅಲ್ಲಿಂದ ಎಡಕ್ಕೆ ತಿರುಗಿದರೆ ಬೆಟ್ಟವು ಬಯಲಿನ ನಡುವೆ ಒಮ್ಮೆಗೇ ಎದ್ದುನಿಂತಂತೆ ಕಾಣುತ್ತದೆ. ದಾಬಸ್‌ಪೇಟೆಯೆಂಬ ಹೆಸರು ಕಮಿಷನರರ ಆಳಿಕೆಯ ಕಾಲದಲ್ಲಿ ಈ ಸೀಮೆಯಲ್ಲಿ ಅಧಿಕಾರ ನಡೆಸಿದ ಡಾಬ್ಸ್ ಎಂಬ ಆಂಗ್ಲ ಅಧಿಕಾರಿಯಿಂದ ಬಂದುದು. ಇಲ್ಲಿಗೆ ದಕ್ಷಿಣದಲ್ಲಿರುವ ಇಂದಿನ ರಾಮನಗರಕ್ಕೂ ಹಿಂದೆ ಹೀಗೆಯೇ ಕ್ಲೋಸ್ ಎಂಬ ಮತ್ತೊಬ್ಬ ಅಧಿಕಾರಿಯ ಹೆಸರಿಟ್ಟು ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದರು. ಪೇಟೆಗಳಿಗೆ ಪರಕೀಯರ ಹೆಸರು ಅಂಟಿತು, ಬೆಟ್ಟಗಳಿಗೆ ಅಂಟಲಿಲ್ಲ. ಸಾಮಾನ್ಯ ಜನರು ತಮ್ಮ ಬೆಟ್ಟವನ್ನು ತಮ್ಮ ಮಾತಿನಲ್ಲಿಯೇ ಕರೆದುಕೊಂಡು ಬಂದರು.

ಸಮುದ್ರಮಟ್ಟದಿಂದ ಇದರ ಎತ್ತರವು ಸುಮಾರು ೪,೫೦೦ ಅಡಿ. ಪುರಾಣದಲ್ಲಿ ಇದಕ್ಕೆ ಕಕುದ್ಗಿರಿಯೆಂಬ ಹೆಸರುಂಟು. ಕಕುದವೆಂದರೆ ವೃಷಭದ ಹಿಣಿಲು. ಪೂರ್ವದಿಂದ ನೋಡಿದರೆ ಮಲಗಿದ ಬಸವನಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ಉತ್ತರದಿಂದ ಸರ್ಪದಂತೆಯೂ, ದಕ್ಷಿಣದಿಂದ ಲಿಂಗದಂತೆಯೂ ಬೆಟ್ಟವು ತೋರುವುದೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಭಕ್ತಿಯ ಕಣ್ಣಿಗೆ ನಾಲ್ಕೂ ಸ್ಪಷ್ಟವಾಗಿ ಕಾಣುತ್ತವೆ. ಭಕ್ತಿಯಿಲ್ಲದವನಿಗೂ, ಒಂದು ಬೆಟ್ಟವನ್ನು ನಾಲ್ಕು ದಿಕ್ಕುಗಳಿಂದಲೂ ತಲೆತಲಾಂತರದಿಂದ ನೋಡುತ್ತ ಅದರ ಒಂದೊಂದು ಮಗ್ಗುಲನ್ನೂ ಮನಸ್ಸಿನಲ್ಲಿ ಅಚ್ಚೊತ್ತಿಕೊಂಡ ಒಕ್ಕಲುಮಕ್ಕಳ ಪ್ರೀತಿಯು ಕಾಣದೆ ಇರಲಾರದು.

ಶಿಖರದವರೆಗಿನ ಮೆಟ್ಟಿಲುಗಳ ಸಂಖ್ಯೆಯು ಇಲ್ಲಿಂದ ಕಾಶಿಗಿರುವ ಯೋಜನಗಳ ಸಂಖ್ಯೆಗೆ ಸಮಾನವೆಂಬ ನಂಬಿಕೆಯೂ ಹಳೆಯದು. ಆದಕಾರಣವೇ ಇದು ದಕ್ಷಿಣಕಾಶಿ. ರೈಲುಬಂಡಿಗಳಿಲ್ಲದ ಕಾಲದಲ್ಲಿ ಮಾಗಡಿ ನೆಲಮಂಗಲಗಳ ಬಡ ಒಕ್ಕಲಿಗನು ಕಾಶಿಗೆ ಹೋಗುವುದೆಂದರೆ ಆಸ್ತಿಯನ್ನೂ ಆಯುಷ್ಯವನ್ನೂ ಪಣಕ್ಕಿಡುವ ಮಾತಾಗಿತ್ತು. ಅವನಿಗಾಗಿ ಹಿರಿಯರು ಕಾಶಿಯನ್ನೇ ಅವನ ಹೊಲದಂಚಿಗೆ ತಂದು ನಿಲ್ಲಿಸಿದರು. ಒಂದು ದಿನದ ಬುತ್ತಿ ಕಟ್ಟಿಕೊಂಡು ಹೊರಟರೆ ಮುಗಿಯುವ ಯಾತ್ರೆ ಅದು. ಪುಣ್ಯದಲ್ಲಿ ಮಾತ್ರ ಕಡಿಮೆಯಿಲ್ಲ.

ಏರುವ ದಾರಿ

ಬೆಟ್ಟದ ಉತ್ತರ ಮಗ್ಗುಲಿನ ದೊಡ್ಡ ಗವಿಗಳಲ್ಲಿಯೇ ಗಂಗಾಧರೇಶ್ವರನ ಗುಡಿಯೂ ಹೊನ್ನಾದೇವಿಯ ಗುಡಿಯೂ ನೆಲೆಗೊಂಡಿವೆ. ಹೊರಗೆ ಕಟ್ಟಿದ ಮಂಟಪಗಳನ್ನು ಹಾದು ಒಳಹೊಕ್ಕರೆ ಮೇಲಿನ ಸೂರು ಬೆಟ್ಟದ ಬಂಡೆಯೇ. ಲಿಂಗದ ಮೇಲೆ ತುಪ್ಪದ ಅಭಿಷೇಕವನ್ನು ಮಾಡಿದರೆ ತುಪ್ಪವು ಬೆಣ್ಣೆಯಾಗುವುದೆಂದು ಭಕ್ತರು ಹೇಳುತ್ತಾರೆ. ಆ ಪ್ರಸಾದವನ್ನು ಭಕ್ತಿಯಿಂದ ಮನೆಗೊಯ್ಯುತ್ತಾರೆ. ಇಲ್ಲಿಂದ ಬೆಂಗಳೂರಿನ ಗವೀಪುರದ ಗಂಗಾಧರೇಶ್ವರನ ಗುಡಿಯವರೆಗೆ ಸುರಂಗವಿದೆಯೆಂಬ ಪ್ರತೀತಿಯೂ ಉಂಟು. ಸುರಂಗದ ಮಾತನ್ನು ಜನರ ನಂಬಿಕೆಗೇ ಬಿಡೋಣ. ಹಳ್ಳಿಯ ಬೆಟ್ಟಕ್ಕೂ ರಾಜಧಾನಿಗೂ ನೆಲದೊಳಗಿನ ನಂಟೊಂದಿದೆಯೆಂದು ಜನರು ಊಹಿಸಿದ್ದರಲ್ಲಿ ಎಂಥ ಸತ್ಯವಿದೆಯೆಂಬುದನ್ನು ಮುಂದೆ ಹೇಳುತ್ತೇವೆ.

ಗಂಗಾಧರೇಶ್ವರನ ಗುಡಿಯಲ್ಲಿ ಕೈಮುಗಿದು ನಿಂತ ಲೋಹದ ವಿಗ್ರಹವೊಂದಿದೆ. ಅದು ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಯಲಹಂಕ ನಾಡಪ್ರಭು ಕೆಂಪೇಗೌಡರದು. ಅವರ ಕಾಲಾನಂತರ ೧೬೦೯ರಲ್ಲಿ ಸ್ಥಾಪಿತವಾದುದು. ಇಂದು ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ ಅವರ ಹೆಸರಿದೆ. ಅದರ ಆವರಣದಲ್ಲಿ ೨೦೨೨ರಲ್ಲಿ ಅನಾವರಣಗೊಂಡ ೧೦೮ ಅಡಿ ಎತ್ತರದ ಪ್ರತಿಮೆಯನ್ನು ದೇಶವಿದೇಶಗಳ ಪ್ರಯಾಣಿಕರು ನೋಡುತ್ತಾರೆ. ಒಂದೇ ಜಿಲ್ಲೆಯ ಎರಡು ಅಂಚುಗಳಲ್ಲಿ ಒಬ್ಬರೇ ಪ್ರಭುವಿನ ಎರಡು ರೂಪಗಳು. ದೇವನಹಳ್ಳಿಯಲ್ಲಿ ಅವರು ಕತ್ತಿ ಹಿಡಿದು ನಗರದ ಕಡೆ ನೋಡುತ್ತಿದ್ದಾರೆ. ಶಿವಗಂಗೆಯಲ್ಲಿ ಬೆಟ್ಟದ ದೇವರಿಗೆ ಕೈಮುಗಿದಿದ್ದಾರೆ. ಮೊದಲನೆಯದನ್ನು ನೋಡುವವರು ಲಕ್ಷಾಂತರ. ಎರಡನೆಯದನ್ನು ಅರಸಿ ಬರುವವರು ಎಷ್ಟು ಮಂದಿ? ಊರನ್ನು ಕಟ್ಟಿದವನು ಊರಿನ ನೀರಿನ ಮೂಲದೆದುರು ತಲೆಬಾಗಿ ನಿಂತ ಆ ಚಿಕ್ಕ ವಿಗ್ರಹವು ಇಂದಿನ ನಗರಕರ್ತರಿಗೆಲ್ಲ ಪಾಠವಾಗಬೇಕು.

ಗುಡಿಯಿಂದ ಮೇಲೆ ಏರಿದರೆ ಒಳಕಲ್ಲು ತೀರ್ಥ. ಬಂಡೆಯಲ್ಲಿ ಒರಳಿನಂತೆ ಇಳಿದಿರುವ ಕುಳಿಯೊಳಗೆ ಕೈಯಿಕ್ಕಿದವರಲ್ಲಿ ಕೆಲವರಿಗೆ ನೀರು ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ, ಸಿಕ್ಕಿದವರು ಪುಣ್ಯವಂತರು. ಇನ್ನೊಂದೆಡೆ ಬಂಡೆಗಳ ಕೆಳಗಣ ಗವಿಯಲ್ಲಿ ತಣ್ಣನೆಯ ಪಾತಾಳಗಂಗೆ. ಮಕರಸಂಕ್ರಮಣದಂದು ನಡೆಯುವ ಗಿರಿಜಾಕಲ್ಯಾಣಕ್ಕೆ ಧಾರೆಯೆರೆಯುವ ಜಲವು ಶಿಖರದ ತೀರ್ಥಕಂಬದ ಬಳಿ ಉದ್ಭವಿಸುವ ಗಂಗೆಯೇ. ನಮ್ಮ ಹಿರಿಯರು ಈ ಬೆಟ್ಟದ ಮೇಲೆ ಹೆಜ್ಜೆಹೆಜ್ಜೆಗೂ ಗುರುತಿಟ್ಟದ್ದು ಪೊನ್ನನ್ನಲ್ಲ, ನೀರನ್ನು. ಬೆಟ್ಟದ ಹೆಸರಿನಲ್ಲಿಯೇ ಶಿವನ ಜೊತೆಗೆ ಗಂಗೆಯಿದ್ದಾಳೆ. ದೇವರ ಮದುವೆಯೇ ಆಗಲಿ, ಬೆಟ್ಟವು ನೀರು ಕೊಡದಿದ್ದರೆ ನಡೆಯಲಾರದೆಂಬ ಈ ವಿಧಿಗಿಂತ ಸ್ಪಷ್ಟವಾಗಿ ಜಲದ ಮಹಿಮೆಯನ್ನು ಯಾವ ಶಾಸ್ತ್ರ ತಾನೇ ಹೇಳೀತು?

ಅಲ್ಲಿಂದಾಚೆಗೆ ದಾರಿ ಕಡಿದು. ಬಂಡೆಯಲ್ಲಿಯೇ ಕಡೆದ ಮೆಟ್ಟಿಲುಗಳು, ಕೈಯಾಸರೆಗೆ ಕಬ್ಬಿಣದ ಕಂಬಿಗಳು, ಬದಿಯಲ್ಲಿ ಬುತ್ತಿಯ ಮೇಲೆ ಕಣ್ಣಿಟ್ಟ ಕೋತಿಗಳ ಹಿಂಡು. ಏದುಸಿರು ಬಿಡುತ್ತ ಏರಿದವನಿಗೆ ಬಂಡೆಯ ನೆತ್ತಿಯಲ್ಲಿ ನಂದಿಯ ದರ್ಶನವಾಗುತ್ತದೆ. ಶಿಖರದಲ್ಲಿ ನಿಂತರೆ ಕೆಳಗೆ ರಾಗಿಯ ಹೊಲಗಳು, ಕೆರೆಗಳ ಹೊಳಪು, ಕಲ್ಲುಗುಡ್ಡಗಳ ಸಾಲು. ಉತ್ತರಕ್ಕೆ ತಿರುಗಿದರೆ ದಾಬಸ್‌ಪೇಟೆ ಸೋಂಪುರಗಳ ಕೈಗಾರಿಕಾ ಪ್ರದೇಶದ ತಗಡಿನ ಸೂರುಗಳು ಬಿಸಿಲಿಗೆ ಮಿನುಗುತ್ತವೆ. ಹಳೆಯ ನಾಡೂ ಹೊಸ ನಾಡೂ ಒಂದೇ ನೋಟದಲ್ಲಿ ಕಾಣುವ ಇಂಥ ಎಡೆ ಬೆಂಗಳೂರಿನ ಸುತ್ತ ಬೇರೆಯಿಲ್ಲವೆಂದರೂ ಸಲ್ಲುವುದು.

ಶಾಂತಲೆಯ ಕೊನೆಯ ನೆಲೆ

ಶಿಖರದ ಒಂದು ಕಡಿದಾದ ಅಂಚನ್ನು ತೋರಿಸಿ, ಹೊಯ್ಸಳರ ಪಟ್ಟಮಹಾದೇವಿ ಶಾಂತಲೆಯು ಇಲ್ಲಿಂದ ಧುಮುಕಿ ಪ್ರಾಣಬಿಟ್ಟಳೆಂದು ಜನರು ಹೇಳುವುದುಂಟು. ಯಾತ್ರಿಕರು ಆ ಅಂಚಿನಲ್ಲಿ ಚಿತ್ರ ತೆಗೆಸಿಕೊಂಡು ಇಳಿದುಹೋಗುತ್ತಾರೆ. ಆದರೆ ಶ್ರವಣಬೆಳಗೊಳದ ಶಾಸನವು ಹೇಳುವುದು ಇಷ್ಟೇ: ಶಕವರ್ಷ ೧೦೫೩ನೆಯ ವಿರೋಧಿಕೃತ್ ಸಂವತ್ಸರದ ಚೈತ್ರಮಾಸದಲ್ಲಿ, ಎಂದರೆ ಕ್ರಿ. ಶ. ೧೧೩೧ರಲ್ಲಿ, ಶಾಂತಲದೇವಿಯು ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳು. ಧುಮುಕಿದಳೆಂಬ ಮಾತು ಅಲ್ಲಿಲ್ಲ. ಮಗಳ ಅಗಲಿಕೆಯ ದುಃಖವನ್ನು ತಾಳಲಾರದೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹಬಿಟ್ಟಳೆಂಬುದನ್ನೂ ಆ ಶಾಸನವೇ ತಿಳಿಸುತ್ತದೆ. ೧೮೮೯ರಲ್ಲಿ ಲೂಯಿ ರೈಸರು ಬೆಳಗೊಳದ ಶಾಸನಗಳನ್ನು ಅಚ್ಚುಹಾಕಿಸಿದ ಮೇಲೆ ಈ ಸಂಗತಿ ವಿದ್ವಾಂಸರಿಗೆಲ್ಲ ತಿಳಿದಿದೆ. ಬೆಟ್ಟವನ್ನೇರುವ ಸಾಮಾನ್ಯ ಯಾತ್ರಿಕನಿಗೆ ಮಾತ್ರ ಇಂದಿಗೂ ತಿಳಿದಿಲ್ಲ.

ಶಾಂತಲೆಯು ಎಂಥ ಮನೆಯಲ್ಲಿ ಹುಟ್ಟಿ ಎಂಥ ಮನೆಯನ್ನು ಸೇರಿದಳೆಂಬುದನ್ನು ನೆನೆದರೆ ಈ ಬೆಟ್ಟದ ಮಹತ್ತ್ವವು ಇನ್ನೂ ಚೆನ್ನಾಗಿ ತಿಳಿಯುತ್ತದೆ. ತಂದೆ ಮಾರಸಿಂಗಯ್ಯನು ಶಿವಭಕ್ತ, ತಾಯಿ ಜಿನಭಕ್ತೆ, ಪತಿ ವಿಷ್ಣುವರ್ಧನನು ವೈಷ್ಣವಧರ್ಮಕ್ಕೆ ಒಲಿದವನೆಂದು ಪ್ರಸಿದ್ಧನು. ಅವಳು ತಾನು ಜಿನಧರ್ಮದಲ್ಲಿ ಅಚಲಳಾಗಿದ್ದು ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನೂ ಕಟ್ಟಿಸಿದಳು. ಕೊನೆಯುಸಿರನ್ನು ಎಳೆದದ್ದು ಶಿವನ ಕ್ಷೇತ್ರದಲ್ಲಿ. ಸಂಗೀತನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳಿಂದ ಹೊಗಳಿಸಿಕೊಂಡ ಈ ಕನ್ನಡತಿಯ ಜೀವನವೇ ಕನ್ನಡನಾಡಿನ ಧರ್ಮಸಮನ್ವಯದ ಒಂದು ಭಾಷ್ಯ. ಮತಮತಗಳ ಹೆಸರಿನಲ್ಲಿ ಮನಸ್ಸುಗಳನ್ನು ಕೆಡಿಸುವವರು ಒಮ್ಮೆ ಈ ಬೆಟ್ಟವನ್ನೇರಿ ಆ ತಾಯಿಯನ್ನು ನೆನೆಯುವುದು ಒಳ್ಳೆಯದು.

ಅವಳು ಶಿವಗಂಗೆಯಲ್ಲಿ ಕಣ್ಣುಮುಚ್ಚಿದ ಕಾಲದಲ್ಲಿ ಚೀನಾ ದೇಶದಲ್ಲಿ ಜು ಶೀ ಎಂಬ ಮಗುವಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮುಂದೆ ಆ ಮಗುವು ಮಹಾಪಂಡಿತನಾಗಿ ಬೆಳೆದು, ೧೧೮೩ರಲ್ಲಿ ವೂಯಿ ಬೆಟ್ಟದ ಹೊಳೆಯ ದಡದಲ್ಲಿ ವಿದ್ಯಾಶಾಲೆಯನ್ನು ಸ್ಥಾಪಿಸಿ, ಕನ್‌ಫ್ಯೂಷಿಯಸನ ದರ್ಶನಕ್ಕೆ ಹೊಸ ಬಾಳನ್ನು ಕೊಟ್ಟನು. ವೂಯಿಗೆ ಹೋದವರಿಗೆ ಇಂದಿಗೂ ಅವನ ನೆಲೆಯನ್ನು ತೋರಿಸಿ ಅವನ ಕಥೆಯನ್ನು ಹೇಳುತ್ತಾರೆ. ನಮ್ಮಲ್ಲಿ ಶಾಂತಲೆಯ ನೆನಪಿಗೆ ಉಳಿದಿರುವುದು ಶಾಸನವು ಹೇಳದ ಒಂದು ಕಥೆ, ಕಾಲು ಜಾರಿದರೆ ಪ್ರಾಣಹೋಗುವ ಒಂದು ಅಂಚು.

ಬೆಟ್ಟವು ಯಾರೊಬ್ಬರ ಸೊತ್ತೂ ಆಗಿ ಉಳಿದಿಲ್ಲವೆಂಬುದಕ್ಕೆ ಶಾಂತಲೆಯೊಬ್ಬಳೇ ಸಾಕ್ಷಿಯಲ್ಲ. ವೀರಶೈವರ ಮೇಲಣಗವಿ ಮಠ ಇಲ್ಲಿದೆ. ಶೃಂಗೇರಿಯ ಪರಂಪರೆಗೆ ಸೇರಿದ ಶಾರದಾಪೀಠ ಇಲ್ಲಿದೆ. ಒಕ್ಕಲುಮಕ್ಕಳ ಮನೆದೇವರೂ ಇಲ್ಲಿಯೇ ಇದ್ದಾನೆ. ಇದೇ ಸೀಮೆಯ ಇನ್ನೊಂದು ದೊಡ್ಡ ಬೆಟ್ಟವಾದ ನಂದಿಯು ಬೇರೊಂದು ಬಗೆಯದು. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಆ ಬೆಟ್ಟವು ಮೊದಲು ಸುಲ್ತಾನನ ದುರ್ಗವಾಗಿ, ಅನಂತರ ಕಬ್ಬನ್ ಮೊದಲಾದ ಆಂಗ್ಲ ಅಧಿಕಾರಿಗಳ ಬೇಸಗೆಯ ಬೀಡಾಗಿ ಹೆಸರಾಯಿತು. ೧೯೨೭ರ ಬೇಸಗೆಯಲ್ಲಿ ದೇಹಸ್ಥಿತಿ ಕೆಟ್ಟಿದ್ದ ಮಹಾತ್ಮರು ವಾರಗಟ್ಟಲೆ ಅಲ್ಲಿ ತಂಗಿ ಚೇತರಿಸಿಕೊಂಡಾಗ, ೧೯೩೬ರಲ್ಲಿ ಪುನಃ ಬಂದು ತಂಗಿದಾಗ, ಅಧಿಕಾರಿಗಳ ಆ ಬೆಟ್ಟವು ಜನತೆಯ ಪಾಲಿಗೂ ಪವಿತ್ರವಾಯಿತು. ಶಿವಗಂಗೆಗೆ ಅಂಥ ಬಂಗಲೆಗಳ ಚರಿತ್ರೆಯಿಲ್ಲ. ಅದು ಮೊದಲಿನಿಂದಲೂ ಬರಿಗಾಲಿನ ಜನರ ಬೆಟ್ಟ.

ಎರಡು ಬೆಟ್ಟ, ಎರಡು ಹೊಳೆ, ಒಂದು ನಗರ

ಈಗ ನೆಲದೊಳಗಿನ ನಂಟಿನ ಮಾತಿಗೆ ಬರುತ್ತೇವೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬುತ್ತ, ಹೆಸರಘಟ್ಟವನ್ನು ಹಾದು ದಕ್ಷಿಣಕ್ಕೆ ಇಳಿಯುವ ಹೊಳೆ. ಶಿವಗಂಗೆಯ ಬೆಟ್ಟದಲ್ಲಿ ಹುಟ್ಟುವ ಹೊಳೆಯ ಹೆಸರು ಕುಮುದ್ವತಿ. ಇವೆರಡೂ ತಿಪ್ಪಗೊಂಡನಹಳ್ಳಿಯ ಬಳಿ ಒಂದಾಗುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳ ಮೂಲಕ ಬೆಂಗಳೂರಿಗೆ ಹರಿಯಿತು. ಅದು ಸಾಲದೆಹೋದಾಗ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಸಂಗಮದಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. ೧೯೭೪ರಲ್ಲಿ ಕಾವೇರಿಯು ಬರುವವರೆಗೆ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿದ್ದು ಮುಖ್ಯವಾಗಿ ಈ ಎರಡು ಜಲಾಶಯಗಳು. ಎಂದರೆ, ನಂದಿಯ ನೀರು, ಶಿವಗಂಗೆಯ ನೀರು.

ಸುರಂಗದ ಕಥೆಯನ್ನು ಕಟ್ಟಿದ ಹಳ್ಳಿಯವನಿಗೆ ಸಾಗರದ ಯೋಜನೆ ತಿಳಿದಿರಲಿಲ್ಲ. ಆದರೂ ಬೆಟ್ಟದ ಗುಡಿಯಿಂದ ನಗರದ ಗುಡಿಗೆ ಕಣ್ಣಿಗೆ ಕಾಣದ ದಾರಿಯೊಂದಿದೆಯೆಂದು ಅವನು ಹೇಳಿದ್ದು, ಅವನೇ ಅರಿಯದಂಥ ರೀತಿಯಲ್ಲಿ, ಒಂದು ತಲೆಮಾರಿನ ಕಾಲ ನಿಜವಾಯಿತು. ಶಿವಗಂಗೆಯ ಬಂಡೆಗಳ ಮೇಲೆ ಬಿದ್ದ ಮಳೆಯು ಬಸವನಗುಡಿ ಮಲ್ಲೇಶ್ವರಗಳ ಮನೆಮನೆಯ ನಲ್ಲಿಯಲ್ಲಿ ಸುರಿಯಿತು. ನಗರದ ಜನರು ಗಂಗೆಯನ್ನು ಕುಡಿದರು; ಗಂಗೆ ಎಲ್ಲಿಂದ ಬಂದಳೆಂದು ಕೇಳಲಿಲ್ಲ.

ಇಂದು ಆ ಹೊಳೆಗಳ ಸ್ಥಿತಿ ಏನು? ಚಾಮರಾಜಸಾಗರಕ್ಕೆ ಬರುವ ನೀರು ದಶಕದಿಂದ ದಶಕಕ್ಕೆ ಇಳಿಯುತ್ತ ಬಂದು, ಉಳಿದುದೂ ಮಲಿನವಾಗಿ, ಈ ಶತಮಾನದ ಎರಡನೆಯ ದಶಕದಲ್ಲಿ ನಗರವು ಅದರಿಂದ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು. ಕುಮುದ್ವತಿಯು ವರ್ಷದ ಬಹುಭಾಗ ಮರಳಿನ ಗೆರೆ. ಅರ್ಕಾವತಿಯ ಮೇಲಣ ದೊಡ್ಡತುಮಕೂರು ಚಿಕ್ಕತುಮಕೂರು ಕೆರೆಗಳಿಗೆ ದೊಡ್ಡಬಳ್ಳಾಪುರದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಸೇರುತ್ತಿವೆಯೆಂದು ಅಲ್ಲಿನ ರೈತರು ಬೀದಿಗಿಳಿದು ಕೂಗಿದ್ದಾರೆ.

ಮಳೆ ಕಡಿಮೆಯಾಯಿತೆಂದು ಹೇಳಿ ದೈವದ ಮೇಲೆ ಹೊಣೆ ಹೊರಿಸುವುದು ಸುಲಭ. ಆದರೆ ಬೆಂಗಳೂರಿನ ಏಟ್ರೀ ಎಂಬ ಸಂಶೋಧನ ಸಂಸ್ಥೆಯ ವಿದ್ವಾಂಸರು ಈ ಜಲಾನಯನವನ್ನು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟಿಸಿದ ಅಭಿಪ್ರಾಯದಂತೆ ಹೊಳೆ ಬತ್ತಲು ಮಳೆಯ ಕೊರತೆಯು ಮುಖ್ಯ ಕಾರಣವಲ್ಲ, ಮನುಷ್ಯನೇ ಕಾರಣ. ಅದರ ರೀತಿಯನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ಕಡೆಯ ಗಟ್ಟಿಕಲ್ಲು ಸ್ಪಂಜಿನಂತೆ ನೀರನ್ನು ಹೀರುವುದಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯು ಬುಡದ ಕುರುಚಲು ಕಾಡಿನ ಮಣ್ಣಿನಲ್ಲಿ ತಂಗಿ, ಬಂಡೆಯ ಬಿರುಕುಗಳಲ್ಲಿ ಮೆಲ್ಲಮೆಲ್ಲನೆ ಇಳಿದು, ಮಳೆಗಾಲ ಮುಗಿದ ಮೇಲೂ ಒರತೆಯಾಗಿ ಜಿನುಗಿ ಹೊಳೆಯನ್ನು ಸಾಕುತ್ತಿತ್ತು. ಹಿಂದೆ ತೆರೆದ ಬಾವಿಯಲ್ಲಿ ಏತದಿಂದಲೋ ಕಪಿಲೆಯಿಂದಲೋ ಎತ್ತುತ್ತಿದ್ದ ನೀರು ಮೇಲ್ಮಟ್ಟದ್ದು. ಒಂದು ಮಳೆಗೆ ಮತ್ತೆ ತುಂಬುತ್ತಿತ್ತು. ಈಗ ಸಾವಿರ ಅಡಿಗೂ ಮೀರಿ ಇಳಿಸುವ ಕೊಳವೆಬಾವಿಗಳು ಬಿರುಕುಗಳ ತಳದ ನೀರನ್ನೂ ಬಿಡದೆ ಎಳೆಯುತ್ತಿವೆ. ರಾಗಿಯ ಹೊಲಗಳಿದ್ದೆಡೆ ಹಬ್ಬಿದ ನೀಲಗಿರಿಯ ತೋಪುಗಳು ಆಳವಾಗಿ ಬೇರಿಳಿಸಿ ಇದ್ದ ತೇವವನ್ನು ಹೀರಿಬಿಟ್ಟವು. ಒರತೆಯೇ ಇಲ್ಲದ ಮೇಲೆ ಹೊಳೆ ಎಲ್ಲಿಂದ ಬರಬೇಕು?

ಸರಕಾರವು ಏನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ೨೦೦೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾನಯನದಲ್ಲಿ ಕಟ್ಟಡಗಳಿಗೂ ಕೈಗಾರಿಕೆಗಳಿಗೂ ಮಿತಿಗಳನ್ನು ಗೊತ್ತುಪಡಿಸಿ ಆಜ್ಞೆಯನ್ನು ಹೊರಡಿಸಿದರು. ೨೦೧೭ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿದರು. ಇವು ಪ್ರಶಂಸೆಗೆ ತಕ್ಕ ಕೆಲಸಗಳೇ. ಆದರೆ ೨೦೧೯ರಲ್ಲಿ, ಹೊಳೆಗಳ ದಂಡೆಯಲ್ಲಿ ಬಿಡಬೇಕಾದ ಅಂತರವನ್ನು ಕಿರಿದುಗೊಳಿಸಿ, ೨೦೦೩ರ ಆಜ್ಞೆಯನ್ನು ಸಡಿಲಿಸಿದರು. ಹೊಳೆ ಬತ್ತಿದೆ, ಆದುದರಿಂದ ಅದರ ದಂಡೆಯನ್ನು ಕಾಯುವ ಕಾರಣವೇನೆಂಬ ವಾದವು ಸರಕಾರದ ಮನೆಯಲ್ಲಿ ಗೆದ್ದಂತೆ ಕಾಣುತ್ತದೆ. ರೋಗಿ ಮೂರ್ಛೆಹೋಗಿದ್ದಾನೆಂದು ಅವನ ಮನೆಯನ್ನು ಹಂಚಿಕೊಳ್ಳುವ ದಾಯಾದಿಗಳ ನ್ಯಾಯವಿದು. ವೂಯಿಯ ಕಟ್ಟಳೆ ಹನ್ನೆರಡು ಶತಮಾನ ಬಾಳಿತು. ನಮ್ಮ ಕಟ್ಟಳೆಯು ಹದಿನಾರು ವರ್ಷಕ್ಕೆ ಮುದಿಯಾಯಿತೆ?

ಅತ್ತ ಕಾವೇರಿಯ ನೀರನ್ನು ನೂರು ಕಿಲೋಮೀಟರುಗಳಷ್ಟು ದೂರದಿಂದ ಯಂತ್ರಗಳ ಬಲದಿಂದ ಮೇಲೆತ್ತಿ ತರುತ್ತೇವೆ. ಅದಕ್ಕಾಗಿ ನೆರೆಯ ರಾಜ್ಯದೊಡನೆ ವಾದ, ಮಂಡ್ಯದ ರೈತನ ಕಣ್ಣೀರು, ವಿದ್ಯುಚ್ಛಕ್ತಿಯ ಅಪಾರ ವೆಚ್ಚ. ಇತ್ತ ಮನೆಬಾಗಿಲಿನ ಎರಡು ಹೊಳೆಗಳನ್ನು ಕೈಯಾರೆ ಕೊಂದಿದ್ದೇವೆ. ವಿವೇಕವುಳ್ಳ ಗೃಹಸ್ಥನು ಹಿತ್ತಿಲ ಬಾವಿಯನ್ನು ಕಸದಿಂದ ತುಂಬಿಸಿ ಪರವೂರಿಗೆ ಕೊಡ ಹೊತ್ತು ಹೋಗುವುದುಂಟೆ?

ಯಾತ್ರೆಯ ಧರ್ಮ

ಶನಿವಾರ ಭಾನುವಾರಗಳಲ್ಲಿ ನಗರದ ತರುಣರು ಗುಂಪುಗುಂಪಾಗಿ ಶಿವಗಂಗೆಯನ್ನೇರುತ್ತಾರೆ. ಅವರ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಏರುವ ಕಾಲುಗಳಿರುವ ನಾಡಿಗೆ ಭವಿಷ್ಯವಿದೆ. ಆದರೆ ಅವರು ಇಳಿದುಹೋದ ಮೇಲೆ ಮೆಟ್ಟಿಲುಗಳ ಬದಿಯಲ್ಲಿ ಉಳಿಯುವ ಪ್ಲಾಸ್ಟಿಕ್ಕಿನ ಸೀಸೆಗಳನ್ನು ನೋಡಿದರೆ ಮನಸ್ಸಿಗೆ ಖೇದವಾಗುತ್ತದೆ. ಗಂಗೆಯ ಬೆಟ್ಟಕ್ಕೆ ಪೇಟೆಯಿಂದ ನೀರನ್ನು ಕೊಂಡು ತಂದು ಕುಡಿದು, ಬರಿಯ ಸೀಸೆಯನ್ನು ಗಂಗೆಯ ಮೂಲದಲ್ಲಿ ಎಸೆದುಹೋಗುವುದಕ್ಕಿಂತ ವಿಪರೀತವಾದ ತೀರ್ಥಯಾತ್ರೆ ಬೇರೊಂದಿರಲಾರದು. ಹಿಂದಿನ ಯಾತ್ರಿಕನು ಬೆಟ್ಟಕ್ಕೆ ಹರಕೆಯನ್ನು ತರುತ್ತಿದ್ದನು. ಇಂದಿನ ಯಾತ್ರಿಕನು ಕಸವನ್ನು ತರುತ್ತಿದ್ದಾನೆ.

ಆದಕಾರಣ ಮಾಡಬೇಕಾದ ಕೆಲಸಗಳನ್ನು ಸ್ಪಷ್ಟವಾಗಿ ಸೂಚಿಸುವುದು ನಮ್ಮ ಕರ್ತವ್ಯ. ಮೊದಲನೆಯದಾಗಿ, ಶಿವಗಂಗೆಯ ಬುಡದಿಂದ ತಿಪ್ಪಗೊಂಡನಹಳ್ಳಿಯವರೆಗಿನ ಕುಮುದ್ವತಿಯ ದಂಡೆಗಳಿಗೆ ೨೦೦೩ರ ರಕ್ಷಣೆಯನ್ನು ಸರಕಾರವು ಮರಳಿ ಕೊಡಬೇಕು. ಬೆಟ್ಟದ ಸುತ್ತಣ ನೆಲದಲ್ಲಿ ಕಲ್ಲುಗಣಿಗೂ ಬಡಾವಣೆಗೂ ಎಡೆಕೊಡಬಾರದು. ಎರಡನೆಯದಾಗಿ, ನೀಲಗಿರಿಯನ್ನು ಕಿತ್ತು ರಾಗಿ, ಹೊಂಗೆ, ಹುಣಸೆಗಳಿಗೆ ಮರಳುವ ರೈತನಿಗೆ ಕೆಲವು ವರ್ಷಗಳವರೆಗೆ ನೆರವು ದೊರೆಯಬೇಕು. ಬಡವನೊಬ್ಬನೇ ಹೊಳೆಯ ಹೊಣೆಯನ್ನು ಹೊರಬೇಕೆಂಬುದು ನ್ಯಾಯವಲ್ಲ. ಆ ನೀರನ್ನು ತಲೆಮಾರುಗಳ ಕಾಲ ಕುಡಿದ ನಗರವು ಅದರ ವೆಚ್ಚದಲ್ಲಿ ಪಾಲುಗೊಳ್ಳುವುದು ದಾನವಲ್ಲ, ಸಾಲದ ತೀರುವಳಿ.

ಮೂರನೆಯದಾಗಿ, ಮುಜರಾಯಿ ಇಲಾಖೆಯವರೂ ಪುರಾತತ್ತ್ವ ಇಲಾಖೆಯ ವಿದ್ವಾಂಸರೂ ಕೂಡಿ, ಕೆಂಪೇಗೌಡರ ವಿಗ್ರಹದ ಚರಿತ್ರೆಯನ್ನೂ ಶಾಂತಲೆಯ ಶಾಸನದ ತಾತ್ಪರ್ಯವನ್ನೂ ತಿಳಿಗನ್ನಡದಲ್ಲಿ ಕಲ್ಲಿನ ಮೇಲೆ ಕೊರೆಯಿಸಿ ಬೆಟ್ಟದ ದಾರಿಯಲ್ಲಿ ನಿಲ್ಲಿಸಲಿ. ಶಿಖರದ ಅಂಚಿನಲ್ಲಿ ಅಪಾಯವನ್ನು ತಡೆಯುವ ಬೇಲಿ ಭದ್ರವಾಗಿರಲಿ. ನಾಲ್ಕನೆಯದಾಗಿ, ಬೆಂಗಳೂರಿನ ಪ್ರತಿಯೊಂದು ಪಾಠಶಾಲೆಯ ಮಕ್ಕಳನ್ನೂ ಒಮ್ಮೆಯಾದರೂ ಇಲ್ಲಿಗೆ ಕರೆತಂದು, ಒಳಕಲ್ಲಿನಲ್ಲಿ ಕೈಯಿಡಿಸಿ, ನಿಮ್ಮ ಅಜ್ಜಅಜ್ಜಿಯರು ಕುಡಿದ ನೀರು ಈ ಬೆಟ್ಟದ್ದೆಂದು ಉಪಾಧ್ಯಾಯರು ಹೇಳಲಿ. ಸಾವಿರ ಭಾಷಣಗಳಿಂದ ಆಗದ ಕೆಲಸವು ಆ ಒಂದು ಹನಿ ತಣ್ಣೀರಿನಿಂದ ಆದೀತು. ಕಡೆಯದಾಗಿ, ಗ್ರಾಮದ ಪಂಚಾಯಿತಿಯವರೂ ಮಠಾಧಿಪತಿಗಳೂ ಒಂದಾಗಿ, ಬೆಟ್ಟಕ್ಕೆ ಕೊಂಡೊಯ್ದುದನ್ನೆಲ್ಲ ಮರಳಿ ಕೆಳಗೆ ತರಬೇಕೆಂಬ ನಿಯಮವನ್ನು ಗೊತ್ತುಮಾಡಲಿ. ಗುರುಪೀಠದಿಂದ ಬಂದ ಮಾತನ್ನು ನಮ್ಮ ಜನರು ದಂಡದ ಭಯಕ್ಕಿಂತ ಹೆಚ್ಚಾಗಿ ಪಾಲಿಸುತ್ತಾರೆ.

ದೇಶಾಭಿಮಾನವೆಂದರೆ ಜಯಘೋಷ ಮಾತ್ರವೆಂದು ತಿಳಿದವರುಂಟು. ಕಾಲಡಿಯ ನೆಲವನ್ನೂ ಬಾಯೊಳಗಿನ ನೀರನ್ನೂ ಕೊಟ್ಟವರಾರೆಂದು ಅರಿತು, ಅವರಿಗೆ ನಡೆದುಕೊಳ್ಳುವುದೇ ದೇಶಾಭಿಮಾನದ ಮೊದಲ ಪಾಠವೆಂದು ನಾವು ಬಗೆದಿದ್ದೇವೆ. ವೂಯಿಯನ್ನು ನೋಡಲು ಹೋಗುವವರು ಸುಖವಾಗಿ ಹೋಗಿಬರಲಿ; ಅಲ್ಲಿನ ಜನರು ತಮ್ಮ ಬೆಟ್ಟವನ್ನು ಕಾದ ಬಗೆಯನ್ನು ಕಲಿತು ಬರಲಿ. ಬಂದವರು ಒಂದು ದಿನ ಬಿಡುವುಮಾಡಿಕೊಂಡು ಶಿವಗಂಗೆಯ ಮೆಟ್ಟಿಲುಗಳನ್ನೇರಲಿ. ಮುಂದಿನ ಸಂಕ್ರಮಣಕ್ಕೂ ಶಿಖರದಲ್ಲಿ ಗಂಗೆಯು ಉದ್ಭವಿಸುವಳೆಂದೂ ಗಿರಿಜೆಯ ಧಾರೆಗೆ ನೀರು ಒದಗುವುದೆಂದೂ ನಮ್ಮ ಜನರು ನಂಬಿದ್ದಾರೆ. ಆ ನೀರು ಕೆಳಗಿಳಿದು ಹೊಳೆಯಾಗಿ ಹರಿಯುವಂತೆ ಮಾಡುವುದು ಮಾತ್ರ ದೇವರ ಕೆಲಸವಲ್ಲ, ನಮ್ಮದು.